ಸೋಜರ್ನರ್ ಟ್ರೂತ್ ಆಡದ ಮಾತು

ಮಹಿಳಾ ದಿನದ ಸಮಾರಂಭವೊಂದರಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ‘ನಾನು ಹೆಣ್ಣಲ್ಲವೇ?’ ಎಂಬ ಪ್ರಸಿದ್ಧ ಭಾಷಣವನ್ನು ಕನ್ನಡದಲ್ಲಿ ಓದಿದ್ದನ್ನು ನಾವು ಕೇಳಿದ್ದೆವು. ಹುಡುಗಿ ಚೆನ್ನಾಗಿಯೇ ಓದಿದಳು. ನಾಲ್ಕು ಸಲ ಬರುವ ಆ ಪ್ರಶ್ನೆಗೆ ಪ್ರತಿಸಲವೂ ಬೇರೆ ದನಿ ಕೊಟ್ಟಳು. ಆದರೆ ಅನುವಾದಿಸಿದವರು ಅಮೆರಿಕದ ಆ ಕಪ್ಪು ಹೆಂಗಸಿನ ಬಾಯಿಗೆ ‘ಐತೆ’, ‘ಗೊತ್ತೈತಾ’ಗಳ ಭಾಷೆ ಇಟ್ಟಿದ್ದರು. ನಗೆ ಬರಬಾರದ ಕಡೆಯೂ ಸಭೆಯಲ್ಲಿ ನಗೆ ಎದ್ದಿತು. ಮನೆಗೆ ಬಂದು ಮೂಲವನ್ನು ಹುಡುಕಿ ನೋಡಿದಾಗ, ತಪ್ಪು ಅನುವಾದಕರದ್ದಷ್ಟೇ ಅಲ್ಲ ಎಂದು ತಿಳಿಯಿತು. ಮೂಲವೇ ಅಂಥದ್ದು. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ನಾವು ಮೂಲ ಎಂದುಕೊಂಡದ್ದು ಆ ಭಾಷಣಗಾರ್ತಿಯ ಮೂಲವೇ ಅಲ್ಲ.

ಸೋಜರ್ನರ್ ಟ್ರೂತ್ ಹುಟ್ಟಿದ್ದು 1797ರ ಸುಮಾರಿಗೆ, ನ್ಯೂಯಾರ್ಕ್ ರಾಜ್ಯದ ಅಲ್ಸ್ಟರ್ ಕೌಂಟಿಯಲ್ಲಿ. ಆಗಿನ ಹೆಸರು ಇಸಬೆಲ್ಲಾ. ಗುಲಾಮಗಿರಿ ಎಂದೊಡನೆ ದಕ್ಷಿಣದ ಹತ್ತಿ ಹೊಲಗಳನ್ನು ನೆನೆಯುವ ನಮಗೆ ಇದೇ ಮೊದಲ ಅಚ್ಚರಿ. ಆಕೆ ಉತ್ತರದ ಗುಲಾಮಳು. ಮೊದಲ ಒಡೆಯರು ಡಚ್ಚರು, ಆದ್ದರಿಂದ ಬಾಲ್ಯದಲ್ಲಿ ಬರುತ್ತಿದ್ದ ಭಾಷೆ ಡಚ್ ಒಂದೇ. ಸುಮಾರು ಒಂಬತ್ತು ವರ್ಷದವಳಿದ್ದಾಗ ಅವಳನ್ನು ಒಂದು ಕುರಿಮಂದೆಯ ಜೊತೆ ಸೇರಿಸಿ ನೂರು ಡಾಲರಿಗೆ ಮಾರಿದರು. ಕೊಂಡವರ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಹುಡುಗಿಗೆ ಇಂಗ್ಲಿಷ್ ಬಾರದು. ಹೇಳಿದ್ದು ಅರ್ಥವಾಗದ್ದಕ್ಕೆ ಏಟು ತಿನ್ನುತ್ತಿದ್ದಳು. ನ್ಯೂಯಾರ್ಕಿನಲ್ಲಿ 1827ರ ಜುಲೈ 4ಕ್ಕೆ ಗುಲಾಮಗಿರಿ ಕೊನೆಯಾಗುವುದಿತ್ತು. ಒಂದು ವರ್ಷ ಮೊದಲೇ ಬಿಡುಗಡೆ ಕೊಡುತ್ತೇನೆಂದ ಒಡೆಯ ಮಾತಿಗೆ ತಪ್ಪಿದಾಗ, 1826ರ ಕೊನೆಯಲ್ಲಿ ಆಕೆ ಎಳೆಗೂಸನ್ನು ಎತ್ತಿಕೊಂಡು ಹೊರಟುಬಿಟ್ಟರು. ಓಡಿಹೋಗಲಿಲ್ಲ, ನಡೆದುಕೊಂಡೇ ಹೋದೆ ಎಂಬುದು ಆಕೆಯ ವಿವರಣೆ. ಮಗ ಪೀಟರನನ್ನು ಕಾನೂನಿಗೆ ವಿರುದ್ಧವಾಗಿ ಅಲಬಾಮಕ್ಕೆ ಮಾರಿದ್ದು ಗೊತ್ತಾದಾಗ ಕೋರ್ಟು ಹತ್ತಿ, 1828ರಲ್ಲಿ ಅವನನ್ನು ವಾಪಸು ಪಡೆದರು. ಅಕ್ಷರ ಬಾರದ, ನಿನ್ನೆ ಮೊನ್ನೆಯವರೆಗೆ ಗುಲಾಮಳಾಗಿದ್ದ ಹೆಂಗಸು ಬಿಳಿಯರ ವಿರುದ್ಧ ಮೊಕದ್ದಮೆ ಗೆದ್ದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. 1843ರಲ್ಲಿ ತನಗೆ ತಾನೇ ಹೊಸ ಹೆಸರಿಟ್ಟುಕೊಂಡು ಊರೂರು ತಿರುಗಿ ಮಾತನಾಡತೊಡಗಿದರು. 1850ರಲ್ಲಿ ಜೀವನಕಥೆ ಅಚ್ಚಾಯಿತು. ಹೇಳಿದ್ದು ಆಕೆ, ಬರೆದುಕೊಂಡದ್ದು ಆಲಿವ್ ಗಿಲ್ಬರ್ಟ್ ಎಂಬ ಬಿಳಿಯ ಮಹಿಳೆ.

ಆ ಹೊತ್ತಿಗೆ ಗುಲಾಮಗಿರಿ ವಿರೋಧಿ ಚಳವಳಿಯ ಹೆಂಗಸರು ಇನ್ನೊಂದು ಜಗಳಕ್ಕೂ ಇಳಿದಿದ್ದರು. ಗುಲಾಮರ ಪರವಾಗಿ ಮಾತನಾಡಲು ವೇದಿಕೆ ಹತ್ತಿದಾಗ ತಮಗೇ ಮಾತನಾಡುವ ಹಕ್ಕಿಲ್ಲ ಎಂಬುದು ಅವರಿಗೆ ಮನವರಿಕೆಯಾಗಿತ್ತು. ಚಾರ್ಲ್ಸ್‌ಟನ್ನಿನ ಗುಲಾಮರ ಒಡೆಯನ ಮನೆಯಲ್ಲಿ ಹುಟ್ಟಿ ಆ ಮನೆಯನ್ನೇ ತೊರೆದ ಸಾರಾ ಮತ್ತು ಏಂಜಲೀನಾ ಗ್ರಿಮ್ಕೆ ಸಹೋದರಿಯರು 1837ರಲ್ಲಿ ಗಂಡಸರೂ ಕುಳಿತ ಸಭೆಗಳಲ್ಲಿ ಮಾತನಾಡಿದರೆಂದು ಮೆಸಾಚುಸೆಟ್ಸ್‌ನ ಪಾದ್ರಿಗಳು ಖಂಡನೆಯ ಪತ್ರ ಹೊರಡಿಸಿದರು. 1840ರಲ್ಲಿ ಲಂಡನ್ನಿನ ವಿಶ್ವ ಗುಲಾಮಗಿರಿ ವಿರೋಧಿ ಸಮ್ಮೇಳನಕ್ಕೆ ಪ್ರತಿನಿಧಿಗಳಾಗಿ ಬಂದ ಅಮೆರಿಕದ ಹೆಂಗಸರನ್ನು ಕಲಾಪದಿಂದ ಹೊರಗಿಟ್ಟು ಬೇರೆಯಾಗಿ ಕೂರಿಸಿದರು. ಸ್ವಾತಂತ್ರ್ಯದ ಬಗ್ಗೆಯೇ ಕರೆದ ಸಮ್ಮೇಳನವಿದು! ಲುಕ್ರೀಷಿಯಾ ಮಾಟ್ ಮತ್ತು ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಪರಸ್ಪರ ಪರಿಚಯವಾದದ್ದು ಅಲ್ಲಿ. ಎಂಟು ವರ್ಷಗಳ ನಂತರ ಅವರಿಬ್ಬರೂ ಮುಂದೆ ನಿಂತು ಸೆನೆಕಾ ಫಾಲ್ಸ್‌ನಲ್ಲಿ ಕರೆದ ಸಮಾವೇಶದ ಘೋಷಣೆಗೆ 68 ಹೆಂಗಸರು, 32 ಗಂಡಸರು ಸಹಿ ಹಾಕಿದರು. ಅಂಥದೇ ಇನ್ನೊಂದು ಸಮಾವೇಶ 1851ರ ಮೇ 28 ಮತ್ತು 29ರಂದು ಒಹಾಯೊ ರಾಜ್ಯದ ಆಕ್ರನ್ ಪಟ್ಟಣದ ಚರ್ಚಿನಲ್ಲಿ ನಡೆಯಿತು. ಅಧ್ಯಕ್ಷೆ ಫ್ರಾನ್ಸಿಸ್ ಗೇಜ್. ಟ್ರೂತ್ ಮಾತನಾಡಿದ್ದು ಅಲ್ಲಿ.

ಈ ಭಾಷಣದ ಎರಡು ಪಾಠಗಳು ಈಗ ನಮ್ಮ ಮುಂದಿವೆ. ಒಂದನ್ನು ಸಭೆಯಲ್ಲಿದ್ದ ಪತ್ರಕರ್ತ ಮಾರಿಯಸ್ ರಾಬಿನ್ಸನ್ ತಮ್ಮ ‘ಆಂಟಿ ಸ್ಲೇವರಿ ಬ್ಯೂಗಲ್’ ಪತ್ರಿಕೆಯಲ್ಲಿ ಅದೇ ವರ್ಷ ಜೂನ್ 21ರಂದು, ಅಂದರೆ ತಿಂಗಳೊಳಗೆ, ಪ್ರಕಟಿಸಿದರು. ಇನ್ನೊಂದನ್ನು ಗೇಜ್ 1863ರ ಏಪ್ರಿಲ್‌ನಲ್ಲಿ ಬರೆದರು, ಹನ್ನೆರಡು ವರ್ಷಗಳ ನಂತರ. ‘ನಾನು ಹೆಣ್ಣಲ್ಲವೇ?’ ಎಂಬ ಪಲ್ಲವಿ ಇರುವುದು ಎರಡನೆಯದರಲ್ಲಿ ಮಾತ್ರ. ಜಗತ್ತು ಬಾಯಿಪಾಠ ಮಾಡಿದ್ದೂ ಅದನ್ನೇ.

ಮೊದಲನೆಯದನ್ನು ಓದಿದವರಿಗೆ ಬೇರೆಯೇ ಒಬ್ಬ ಹೆಂಗಸು ಕಾಣಸಿಗುತ್ತಾಳೆ. ಅವಳು ಗೋಳಾಡುವುದಿಲ್ಲ, ವಾದ ಮಾಡುತ್ತಾಳೆ. ಉತ್ತಿದ್ದೇನೆ, ಕೊಯ್ದಿದ್ದೇನೆ, ಕಟ್ಟಿಗೆ ಕಡಿದಿದ್ದೇನೆ, ಇದಕ್ಕಿಂತ ಹೆಚ್ಚು ಯಾವ ಗಂಡಸು ಮಾಡಿಯಾನು ಎಂದು ಕೇಳಿ, ಸಿಕ್ಕಿದರೆ ಗಂಡಸಿನಷ್ಟೇ ಉಣ್ಣಲೂ ಬಲ್ಲೆ ಎಂದು ಸೇರಿಸುತ್ತಾಳೆ. ಆ ‘ಸಿಕ್ಕಿದರೆ’ಯಲ್ಲಿ ಇಡೀ ಗುಲಾಮಗಿರಿಯೇ ಇದೆ. ಬುದ್ಧಿಯ ಮಾತು ಬಂದಾಗ ಅಳತೆಯ ಲೆಕ್ಕ ಎತ್ತುತ್ತಾಳೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಗಂಡಸಿನದು ಸೇರು, ಹೆಂಗಸಿನದು ಅರ್ಧ ಸೇರು ಅಂತಲೇ ಇಟ್ಟುಕೊಳ್ಳಿ. ಆ ಅರ್ಧ ಸೇರನ್ನಾದರೂ ಅವಳು ತುಂಬಿಸಿಕೊಳ್ಳಲಿ, ಅದರೊಳಗೆ ಹಿಡಿಸುವುದಕ್ಕಿಂತ ಹೆಚ್ಚು ಅವಳು ಒಯ್ಯಲಾರಳಲ್ಲ, ನಿಮಗೇಕೆ ಹೆದರಿಕೆ ಎಂಬ ತರ್ಕ. ಮನೆವಾರ್ತೆ ಬಲ್ಲ ಹೆಂಗಸಿಗೆ ಮಾತ್ರ ಹೊಳೆಯುವ ಉಪಮೆ ಇದು. ನನಗೆ ಓದಲು ಬರುವುದಿಲ್ಲ, ಆದರೆ ಕೇಳಲು ಬರುತ್ತದೆ ಎಂದು ಹೇಳಿ ಬೈಬಲ್ಲಿಗೆ ಬರುತ್ತಾಳೆ. ಯೇಸು ಹುಟ್ಟಿದ್ದು ದೇವರ ಸೃಷ್ಟಿಯಿಂದ ಮತ್ತು ಹೆಣ್ಣಿನ ಹೆರಿಗೆಯಿಂದ, ಇದರಲ್ಲಿ ಗಂಡಸಿನ ಪಾಲೇನು ಎಂದು ಕೇಳುತ್ತಾಳೆ. ಮರ್ಯಮರ ಕಥೆಯನ್ನು ಕೇಳಿ ಬೆಳೆದ ನಮ್ಮ ಓದುಗರಿಗೂ ಈ ವಾದದ ಮೊನೆ ವಿವರಿಸಬೇಕಿಲ್ಲ. ಕೊನೆಗೆ, ಒಂದು ಕಡೆ ಗುಲಾಮ, ಇನ್ನೊಂದು ಕಡೆ ಹೆಂಗಸು ಮೈಮೇಲೆ ಬರುತ್ತಿರುವಾಗ ಗಂಡಸು ಗಿಡುಗ ಹದ್ದುಗಳ ನಡುವೆ ಸಿಕ್ಕಿಕೊಂಡಿದ್ದಾನೆ ಎಂದು ನಗಿಸಿ ಮುಗಿಸುತ್ತಾಳೆ.

ಗೇಜ್ ಬರೆದ ಪಾಠದಲ್ಲಿಯೂ ಈ ಅಳತೆಯ ಮಾತಿದೆ, ಯೇಸುವಿನ ಮಾತಿದೆ. ಆದರೆ ಸುತ್ತಲೂ ಒಂದು ನಾಟಕ ಎದ್ದು ನಿಂತಿದೆ. ಸಭಿಕರು ಆಕೆಗೆ ಮಾತನಾಡಲು ಬಿಡಬೇಡಿ ಎಂದು ಪಿಸುಗುಟ್ಟುತ್ತಾರೆ, ಪಾದ್ರಿಗಳು ಹೆಂಗಸರ ಸಭೆಯನ್ನು ಹಾಳುಮಾಡುವ ಹಂತಕ್ಕೆ ಬಂದಿರುತ್ತಾರೆ, ಅಧ್ಯಕ್ಷೆ ಧೈರ್ಯಮಾಡಿ ಆಕೆಯ ಹೆಸರು ಕೂಗುತ್ತಾರೆ, ಎತ್ತರದ ಆಳು ಎದ್ದು ಎಲ್ಲರನ್ನೂ ಮೌನವಾಗಿಸುತ್ತಾಳೆ. ಅಂದಿನ ವರದಿಗಳಲ್ಲಿ ಇಂಥ ಹಗೆತನದ ಸುಳಿವಿಲ್ಲ. ಆಕೆಗೆ ಹುಟ್ಟಿದ ಮಕ್ಕಳು ಐವರು. ಈ ಪಾಠದಲ್ಲಿ ಅದು ಹದಿಮೂರಾಗಿದೆ. ಎಲ್ಲಕ್ಕಿಂತ ನಮ್ಮನ್ನು ಕಾಡಿದ್ದು ಭಾಷೆ. ಡಚ್ ಮಾತನಾಡುತ್ತ ನ್ಯೂಯಾರ್ಕಿನಲ್ಲಿ ಬೆಳೆದವಳ ಬಾಯಲ್ಲಿ ಗೇಜ್ ದಕ್ಷಿಣದ ತೋಟದ ಗುಲಾಮರದೆಂದು ಬಿಳಿಯರು ಕಲ್ಪಿಸಿಕೊಂಡಿದ್ದ ಇಂಗ್ಲಿಷನ್ನು ಆಡಿಸಿದ್ದಾರೆ. ಕನ್ನಡ ಸಿನಿಮಾ ಬಹಳ ಕಾಲ ಸಾಬರ ಪಾತ್ರ ಬಂದೊಡನೆ ‘ನಮ್ದೂಕೆ, ನಿಮ್ದೂಕೆ’ ಎಂದು ಆಡಿಸಿದ್ದನ್ನು ನೋಡುತ್ತ ಬೆಳೆದವರು ನಾವು. ಮನೆಯಲ್ಲಿ ಬ್ಯಾರಿಯನ್ನೋ ದಖ್ಖನಿಯನ್ನೋ ಆಡಿ, ಶಾಲೆಯಲ್ಲಿ ಕಷ್ಟಪಟ್ಟು ಅಚ್ಚುಕಟ್ಟಾದ ಕನ್ನಡ ಕಲಿತವನಿಗೆ ಚಿತ್ರಮಂದಿರದ ಕತ್ತಲಲ್ಲಿ ಏನನ್ನಿಸುತ್ತದೆ ಎಂಬುದು ನಮಗೆ ಗೊತ್ತು. ಟ್ರೂತ್‌ಗೂ ಹಾಗೆಯೇ ಅನ್ನಿಸಿತ್ತು. ಇಂಗ್ಲಿಷ್ ತನ್ನ ಕಲಿತ ಭಾಷೆ, ಅದನ್ನು ಸರಿಯಾಗಿಯೇ ಆಡುತ್ತೇನೆ ಎಂಬ ಹೆಮ್ಮೆ ಆಕೆಗಿತ್ತೆಂದು ಇಳಿವಯಸ್ಸಿನಲ್ಲಿ ಮಿಷಿಗನ್ನಿನ ಪತ್ರಿಕೆಯೊಂದು ದಾಖಲಿಸಿದೆ.

1863ರಲ್ಲಿ ಈ ಬಗೆಯ ಚಿತ್ರಕ್ಕೆ ಗಿರಾಕಿಗಳಿದ್ದರು. ಅಂತರ್ಯುದ್ಧ ನಡೆಯುತ್ತಿತ್ತು, ಲಿಂಕನ್ನರ ವಿಮೋಚನಾ ಘೋಷಣೆ ಆ ವರ್ಷದ ಜನವರಿಯಲ್ಲಷ್ಟೇ ಹೊರಬಿದ್ದಿತ್ತು. ಏಪ್ರಿಲ್‌ನಲ್ಲಿ ‘ಅಟ್ಲಾಂಟಿಕ್ ಮಂಥ್ಲಿ’ಯಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋ ಟ್ರೂತ್ ಬಗ್ಗೆ ಲೇಖನ ಬರೆದರು, ಗೇಜ್ ಲೇಖನ ಅದರ ಬೆನ್ನಿಗೇ ಬಂತು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಸ್ಟೋ ಅವರ ಲೇಖನದಲ್ಲಿ ಟ್ರೂತ್ ಆಫ್ರಿಕದಲ್ಲಿ ಹುಟ್ಟಿದವರಾಗಿ ಬರುತ್ತಾರೆ. ಅಷ್ಟೇ ಅಲ್ಲ, ತೀರಿಕೊಂಡವರಾಗಿಯೂ ಬರುತ್ತಾರೆ! ಬದುಕಿದ್ದ ಟ್ರೂತ್ ಬಾಸ್ಟನ್ನಿನ ಪತ್ರಿಕೆಗೆ ಕಾಗದ ಬರೆಸಿ, ಆ ಲೇಖನ ಪೂರ್ತಿ ಸರಿಯಿಲ್ಲವೆಂದೂ ಅದರಲ್ಲಿ ತನ್ನ ಬಾಯಿಗೆ ಹಾಕಿದ ‘ಹನಿ’ ಎಂಬ ಮುದ್ದಿನ ಶಬ್ದವನ್ನು ತಾನು ಬಳಸುವುದೇ ಇಲ್ಲವೆಂದೂ ತಿಳಿಸಿದರು. ಆ ಮೇಲೆ ಇಪ್ಪತ್ತು ವರ್ಷ ಬದುಕಿದ್ದು 1883ರಲ್ಲಿ ತೀರಿಕೊಂಡರು.

ಗೇಜ್ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಆಕೆ ಗುಲಾಮಗಿರಿಯ ವಿರುದ್ಧ ದುಡಿದವರು. ಆಕೆ ಬರೆಯದಿದ್ದರೆ ಟ್ರೂತ್ ಹೆಸರು ಇಷ್ಟು ದೂರ ಬರುತ್ತಿರಲಿಲ್ಲವೇನೋ. ಗಾಡಿ ಹತ್ತಲು, ಕೆಸರು ದಾಟಲು ಬಿಳಿಯ ಹೆಂಗಸಿಗೆ ಕೈಕೊಡುವ ಗಂಡಸರು ನನಗೇಕೆ ಕೊಡುವುದಿಲ್ಲ ಎಂಬ, ಈ ಪಾಠದಲ್ಲಿ ಮಾತ್ರ ಇರುವ ಮಾತು ಬಹಳ ತೀಕ್ಷ್ಣವಾದದ್ದು; ಅದು ಟ್ರೂತ್ ಎಲ್ಲೋ ಆಡಿದ್ದೇ ಆಗಿರಲೂಬಹುದು. ರಾಬಿನ್ಸನ್ ಕೂಡ ಗಂಡಸು, ಬಿಳಿಯ ಎಂಬುದನ್ನೂ ಮರೆಯಬಾರದು. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಂದು ಸಣ್ಣ ವ್ಯತ್ಯಾಸ ನಮ್ಮ ಕಣ್ಣಿಗೆ ಬಿತ್ತು. ಗಂಡಸು ಇಕ್ಕಟ್ಟಿಗೆ ಸಿಕ್ಕಿದ ಮಾತು ಗೇಜ್ ಪಾಠದಲ್ಲೂ ಇದೆ, ಅಲ್ಲಿ ಅದು ದಕ್ಷಿಣದ ಕಪ್ಪುಜನ ಮತ್ತು ಉತ್ತರದ ಹೆಂಗಸರು ಎಂದಾಗಿದೆ. ಹಾಗಾದರೆ ಮಾತನಾಡುತ್ತಿರುವ ಈ ಉತ್ತರದ ಕಪ್ಪು ಹೆಂಗಸು ಯಾವ ಗುಂಪಿನವಳು? ಭಾಷಣದ ಇಡೀ ಬಲ ಇರುವುದು ಅವಳು ಎರಡೂ ಆಗಿರುವುದರಲ್ಲಿ.

ಅಕ್ಷರ ಬಾರದವರಿಗೆ ಹೀಗಾಯಿತು, ಅಕ್ಷರ ಬಂದಿದ್ದರೆ ಆಗುತ್ತಿರಲಿಲ್ಲ ಎನ್ನುವವರು ಹ್ಯಾರಿಯೆಟ್ ಜೇಕಬ್ಸ್ ಕಥೆಯನ್ನು ಕೇಳಬೇಕು. 1813ರಲ್ಲಿ ಉತ್ತರ ಕೆರೊಲಿನಾದ ಈಡೆಂಟನ್ನಿನಲ್ಲಿ ಗುಲಾಮಳಾಗಿ ಹುಟ್ಟಿದ ಈಕೆಗೆ ಬಾಲ್ಯದಲ್ಲೇ ಓದು ಬಂದಿತ್ತು. ಒಡೆಯನ ಕಾಮದ ಕಾಟದಿಂದ ತಪ್ಪಿಸಿಕೊಂಡು ಅಜ್ಜಿಯ ಮನೆಯ ಸೂರಿನಡಿಯ ಗೂಡಿನಲ್ಲಿ ಸುಮಾರು ಏಳು ವರ್ಷ ಅಡಗಿದ್ದರು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರವಿದ್ದ ಕಡೆ ಮೂರೇ ಅಡಿ. ಒಂದು ರಂಧ್ರದಿಂದ ಅಂಗಳದಲ್ಲಿ ಆಡುವ ತನ್ನ ಮಕ್ಕಳನ್ನು ನೋಡುತ್ತಿದ್ದರು, ಮಕ್ಕಳಿಗೆ ತಾಯಿ ಅಲ್ಲಿರುವುದು ಗೊತ್ತಿಲ್ಲ. 1842ರಲ್ಲಿ ಉತ್ತರಕ್ಕೆ ಪಾರಾದರು. ತನ್ನ ಕಥೆಯನ್ನು ಸ್ಟೋ ಬರೆಯಬಹುದೇ ಎಂದು ಗೆಳತಿಯರ ಮೂಲಕ ಕೇಳಿಸಿದಾಗ, ಸ್ಟೋ ಅದನ್ನು ತಮ್ಮ ಇನ್ನೊಂದು ಪುಸ್ತಕಕ್ಕೆ ಸರಕಾಗಿ ಬಳಸಲು ಬಯಸಿದರು. ಕಥೆ ನಿಜವೇ ಎಂದು ಪರೀಕ್ಷಿಸಲು ಜೇಕಬ್ಸ್ ಕೆಲಸಕ್ಕಿದ್ದ ಮನೆಯ ಯಜಮಾನಿಗೇ ಕಾಗದ ಬರೆದರು. ಜೇಕಬ್ಸ್ ಆ ಯಜಮಾನಿಗೂ ಹೇಳದೆ ಬಚ್ಚಿಟ್ಟಿದ್ದ ಸಂಗತಿಗಳು ಹೀಗೆ ಬಯಲಾದವು. ಆಗ ಜೇಕಬ್ಸ್ ತಾನೇ ಬರೆಯಲು ಕುಳಿತರು. ಹಗಲು ಆ ಮನೆಯ ಮಕ್ಕಳನ್ನು ನೋಡಿಕೊಂಡು, ರಾತ್ರಿ ಕದ್ದು ಬರೆದ ಪುಸ್ತಕ 1861ರಲ್ಲಿ ‘ಲಿಂಡಾ ಬ್ರೆಂಟ್’ ಎಂಬ ಮರೆಹೆಸರಿನಲ್ಲಿ ಬಂತು. ಮುಖಪುಟದಲ್ಲಿ ಸಂಪಾದಕಿಯಾಗಿ ಲಿಡಿಯಾ ಮರಾಯಾ ಚೈಲ್ಡ್ ಹೆಸರು ಮಾತ್ರ.

ಸುಮಾರು ನೂರಿಪ್ಪತ್ತು ವರ್ಷ ವಿದ್ವಾಂಸರಲ್ಲಿ ಅನೇಕರು ಅದು ಚೈಲ್ಡ್ ಬರೆದ ಕಾದಂಬರಿಯೆಂದೇ ತಿಳಿದಿದ್ದರು. ಗುಲಾಮರ ಬದುಕಿನ ಬಗ್ಗೆ 1972ರಲ್ಲಿ ಹೆಸರಾಂತ ಗ್ರಂಥ ಬರೆದ ಇತಿಹಾಸಕಾರ ಜಾನ್ ಬ್ಲಾಸಿಂಗೇಮ್ ಕೂಡ ಇದನ್ನು ನಂಬಲಿಲ್ಲ. ಜೀನ್ ಫೇಗನ್ ಯೆಲ್ಲಿನ್ ಅವರು ಜೇಕಬ್ಸ್ ತನ್ನ ಗೆಳತಿ ಏಮಿ ಪೋಸ್ಟ್‌ಗೆ ಬರೆದ ಕಾಗದಗಳನ್ನು ಆಧರಿಸಿ, 1980ರ ದಶಕದಲ್ಲಿ ಪುಸ್ತಕ ಅವರದ್ದೇ ಎಂದು ಸಿದ್ಧಪಡಿಸಬೇಕಾಯಿತು. ಬರೆಯಲು ಬಾರದ ಟ್ರೂತ್ ಹೆಸರಿಗೆ ತಾನು ಆಡದ ಮಾತು ಬಂದು ಸೇರಿತು. ಬರೆದ ಜೇಕಬ್ಸ್ ಪುಸ್ತಕ ಬಿಳಿಯ ಗೆಳತಿಯ ಹೆಸರಿಗೆ ಹೋಯಿತು. ಈ ಎರಡೂ ಒಂದೇ ಚಳವಳಿಯ ಒಳಗೆ, ಒಳ್ಳೆಯ ಮನಸ್ಸಿನವರ ನಡುವೆಯೇ ನಡೆದವು.

ಇದು ಬರೀ ಪಾಠಾಂತರದ ಜಗಳವಲ್ಲ. ಯುದ್ಧ ಮುಗಿದು ಮತದಾನದ ಹಕ್ಕಿನ ಪ್ರಶ್ನೆ ಬಂದಾಗ, 1867ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಟ್ರೂತ್, ಕಪ್ಪು ಗಂಡಸಿಗೆ ಹಕ್ಕು ಸಿಕ್ಕಿ ಕಪ್ಪು ಹೆಂಗಸಿಗೆ ಸಿಗದಿದ್ದರೆ ಅವನೇ ಅವಳ ಒಡೆಯನಾಗುತ್ತಾನೆ ಎಂದು ಎಚ್ಚರಿಸಿದ್ದರು. ಎರಡು ವರ್ಷಗಳಲ್ಲಿ ಚಳವಳಿ ಒಡೆಯಿತು. ಕಪ್ಪು ಗಂಡಸರಿಗೆ ಮತ ಕೊಡುವ 15ನೇ ತಿದ್ದುಪಡಿಯನ್ನು ಸ್ಟ್ಯಾಂಟನ್ ಮತ್ತು ಸೂಸನ್ ಬಿ. ಆಂಥನಿ ವಿರೋಧಿಸಿದರು. ಓದಿದ ಬಿಳಿಯ ಹೆಂಗಸಿಗಿಂತ ಮೊದಲು ಓದದ ಕಪ್ಪು ಗಂಡಸಿಗೆ ಮತವೇ ಎಂಬ ಹೀಯಾಳಿಕೆ ಸ್ಟ್ಯಾಂಟನ್ ಅವರ ಬರಹಗಳಲ್ಲಿ ಕಾಣಿಸಿಕೊಂಡಿತು. ಕಪ್ಪು ಕವಯಿತ್ರಿ ಫ್ರಾನ್ಸಿಸ್ ಹಾರ್ಪರ್ ನೋವಿನಿಂದಲೇ ತಿದ್ದುಪಡಿಯ ಪರ ನಿಂತರು. 1881ರಲ್ಲಿ ಸ್ಟ್ಯಾಂಟನ್ ಮತ್ತು ಆಂಥನಿ ಸೇರಿ ತಂದ ಮಹಿಳಾ ಮತದಾನ ಚಳವಳಿಯ ಇತಿಹಾಸದ ಮೊದಲ ಸಂಪುಟದಲ್ಲಿ ಅಚ್ಚಾದದ್ದು ಗೇಜ್ ಪಾಠ. ಬಿಳಿಯ ಹೆಂಗಸರ ಸಭೆಯನ್ನು ಉಳಿಸಿಕೊಟ್ಟ ಟ್ರೂತ್ ಆ ಇತಿಹಾಸಕ್ಕೆ ಬೇಕಾಗಿದ್ದರು. ಲೆಕ್ಕ ಕೇಳುವ ಟ್ರೂತ್ ಅಷ್ಟಾಗಿ ಬೇಕಾಗಿರಲಿಲ್ಲ.

ಆ ಪಲ್ಲವಿಯನ್ನು ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. 1981ರಲ್ಲಿ ಬೆಲ್ ಹುಕ್ಸ್ ತಮ್ಮ ಪುಸ್ತಕಕ್ಕೆ ಅದನ್ನೇ ಹೆಸರಾಗಿ ಇಟ್ಟರು. ಕಪ್ಪು ಹೆಂಗಸರು ಎತ್ತಿಕೊಂಡ ಮೇಲೆ ಅದು ಗೇಜ್ ಅವರದ್ದಾಗಿ ಉಳಿಯಲಿಲ್ಲ. ಟ್ರೂತ್ ಜೀವನಚರಿತ್ರೆಯನ್ನು 1996ರಲ್ಲಿ ಪ್ರಕಟಿಸಿ, ಈ ಪಾಠಗಳ ಸಿಕ್ಕನ್ನು ಬಿಡಿಸಿ ತೋರಿಸಿದ ನೆಲ್ ಪೇಂಟರ್ ಅವರಿಗೂ ಜನ ಆ ಮಾತನ್ನು ಬಿಟ್ಟುಕೊಡಲು ಸಿದ್ಧರಿಲ್ಲ ಎಂಬುದು ಗೊತ್ತಾಗಿತ್ತು. ಕನ್ನಡಕ್ಕೆ ತರುವವರು 1851ರ ಪಾಠವನ್ನೂ ತರಲಿ, ಸರಿಯಾದ ಕನ್ನಡದಲ್ಲಿ ತರಲಿ ಎಂದಷ್ಟೇ ನಮ್ಮ ಕೇಳಿಕೆ.

ಟ್ರೂತ್ ತಾನೇ ರೂಪಿಸಿದ ಒಂದು ಪಾಠ ಉಳಿದಿದೆ. 1864ರಲ್ಲಿ ಆಕೆ ತನ್ನ ಫೋಟೊ ತೆಗೆಸಿ, ಹಕ್ಕನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿ, ಸಭೆಗಳಲ್ಲಿ ಮಾರಿ ಜೀವನ ನಡೆಸಿದರು. ಅದರಲ್ಲಿ ಬಾಸುಂಡೆಗಳಿಲ್ಲ, ಹರಕು ಬಟ್ಟೆಯಿಲ್ಲ. ಶಾಲು ಹೊದ್ದು, ತಲೆಗೆ ಬಿಳಿಯ ಟೋಪಿ ಹಾಕಿ, ಕೈಯಲ್ಲಿ ಹೆಣಿಗೆ ಹಿಡಿದು ಕುಳಿತಿದ್ದಾರೆ. ಪಕ್ಕದ ಮೇಜಿನ ಮೇಲೆ ಪುಸ್ತಕವಿದೆ. 2020ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಮಹಿಳಾ ಹಕ್ಕುಗಳ ಹೋರಾಟಗಾರ್ತಿಯರ ಕಂಚಿನ ಸ್ಮಾರಕ ಅನಾವರಣಗೊಂಡಿತು. ಮೊದಲ ನಕ್ಷೆಯಲ್ಲಿ ಇದ್ದವರು ಸ್ಟ್ಯಾಂಟನ್ ಮತ್ತು ಆಂಥನಿ ಇಬ್ಬರೇ. ಟೀಕೆ ಬಂದ ಮೇಲೆ ಟ್ರೂತ್ ಸೇರಿದರು. ಈಗ ಮೂವರೂ ಒಂದೇ ಮೇಜಿನ ಸುತ್ತ ಇದ್ದಾರೆ. ಟ್ರೂತ್ ಮಾತನಾಡುತ್ತಿದ್ದಾರೆ, ಲೇಖನಿ ಸ್ಟ್ಯಾಂಟನ್ ಕೈಯಲ್ಲಿದೆ.