ಕಡತಕ್ಕೂ ಬೇಕು ಕೈಗೆಟುಕುವ ಜಾಗ

ಗಂಗಾವತಿಯ ಭತ್ತದ ವ್ಯಾಪಾರಿ ಕಿರ್ದಿ ಪುಸ್ತಕವನ್ನು ಗಲ್ಲೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾನೆ. ದಿನಕ್ಕೆ ಹತ್ತು ಸಲ ಬೇಕಾಗುವುದು ಕೈಗೆಟುಕಬೇಕು. ಉಬುಂಟು ಲಿನಕ್ಸ್‌ನ ಲಾಂಚರ್ ಈ ಪಾಠವನ್ನು ಅರ್ಧ ಮಾತ್ರ ಕಲಿತಿದೆ.

2011ರಲ್ಲಿ ಯೂನಿಟಿ ಎಂಬ ಡೆಸ್ಕ್‌ಟಾಪ್‌ನೊಂದಿಗೆ ಪರದೆಯ ಎಡಬದಿಗೆ ಬಂದ ಈ ಚಿತ್ರಗಳ ಪಟ್ಟಿ, 2017ರಲ್ಲಿ ಉಬುಂಟು ಹಳೆಯ ಗ್ನೋಮ್ ಡೆಸ್ಕ್‌ಟಾಪ್‌ಗೆ ಮರಳಿದ ಮೇಲೂ ಅಲ್ಲೇ ಉಳಿಯಿತು. ಅದರಲ್ಲಿ ತಂತ್ರಾಂಶಗಳಿಗೆ ಕಾಯಂ ಜಾಗವಿದೆ, ಕಡತಗಳಿಗಿಲ್ಲ. ಕುಷ್ಟಗಿ ಕಡೆಯ ಶಾಲೆಯೊಂದರ ಮುಖ್ಯಶಿಕ್ಷಕಿಯನ್ನು ನೆನೆಯಿರಿ. ಬೆಳಿಗ್ಗೆ ಅವರ ತಲೆಯಲ್ಲಿರುವುದು ‘ಬಿಸಿಯೂಟದ ಲೆಕ್ಕ ಬರೀಬೇಕು’ ಎಂಬುದು; ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ತಂತ್ರಾಂಶವಲ್ಲ. ಇತ್ತೀಚಿನ ಕಡತಗಳ ಪಟ್ಟಿಯೂ ಪೂರಾ ನೆರವಾಗದು. ನಿನ್ನೆ ತೆರೆದ ನಾಲ್ಕು ಸುತ್ತೋಲೆಗಳು ಲೆಕ್ಕವನ್ನು ಕೆಳಗೆ ತಳ್ಳಿರುತ್ತವೆ.

ದಾರಿಯೊಂದಿದೆ. ಡಾಟ್ ಡೆಸ್ಕ್‌ಟಾಪ್ ಎಂದು ಕೊನೆಗೊಳ್ಳುವ ಪುಟ್ಟ ಪಠ್ಯ ಕಡತವನ್ನು ಬರೆದು, ಹೋಮ್ ಫೋಲ್ಡರಿನ ಮರೆಯಲ್ಲಿರುವ ಡಾಟ್ ಲೋಕಲ್, ಅದರೊಳಗಿನ ಶೇರ್, ಅದರೊಳಗಿನ ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿಡಬೇಕು. ಚೌಕ ಆವರಣದೊಳಗೆ ಡೆಸ್ಕ್‌ಟಾಪ್ ಎಂಟ್ರಿ ಎಂಬ ತಲೆಸಾಲು, ಅದರಡಿ ಬಗೆ, ಹೆಸರು, ಆಜ್ಞೆ ಎಂಬ ಮೂರು ಸಾಲು ಸಾಕು. ಆಜ್ಞೆಯ ಸಾಲಿನಲ್ಲಿ ಎಕ್ಸ್‌ಡಿಜಿ-ಓಪನ್ ಎಂದು ಬರೆದು ಕಡತದ ಪೂರ್ಣ ವಿಳಾಸ ಕೊಟ್ಟರೆ, ಅದಕ್ಕೆ ಗೊತ್ತುಮಾಡಿದ ತಂತ್ರಾಂಶದಲ್ಲೇ ಅದು ತೆರೆಯುತ್ತದೆ. ಆಮೇಲೆ ತಂತ್ರಾಂಶಗಳ ನಡುವೆ ಕಾಣುವ ಅದರ ಚಿತ್ರವನ್ನು ಲಾಂಚರಿಗೆ ಸೇರಿಸಬಹುದು.

ಈ ಕ್ರಮದ ನಿಜವಾದ ಹೆಚ್ಚುಗಾರಿಕೆ ಹೆಸರಿನಲ್ಲಿದೆ. ಕಡತ ಯಾವ ಹೆಸರಿನಲ್ಲೇ ಇರಲಿ, ಲಾಂಚರಿನಲ್ಲಿ ‘ಬಿಸಿಯೂಟದ ಲೆಕ್ಕ’ ಎಂದೇ ಕಾಣುತ್ತದೆ. ಕನ್ನಡದಲ್ಲಿ ಟೈಪಿಸಿ ಹುಡುಕಿದರೂ ಸಿಗುತ್ತದೆ. ‘ಶಾಲೆ’ ಎಂಬ ಒಂದೇ ಚಿತ್ರದ ಮೇಲೆ ಬಲಕ್ಲಿಕ್ ಮಾಡಿದಾಗ ಹಾಜರಿ, ಊಟ, ಅಂಕಪಟ್ಟಿ ಮೂರೂ ಬರುವಂತೆ ಬರೆಯಲೂಬಹುದು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ. ಹತ್ತು ಚಿತ್ರ ಸಾಲುಗಟ್ಟಿದರೆ ಮತ್ತೆ ಹುಡುಕಾಟವೇ.

ಕೊರತೆಗಳೂ ಸಣ್ಣವಲ್ಲ. ಕಡತ ಬೇರೆ ಫೋಲ್ಡರಿಗೆ ಹೋದರೆ ಕೊಂಡಿ ಸತ್ತಂತೆ. ವಿಳಾಸದಲ್ಲಿ ಖಾಲಿ ಜಾಗವಿದ್ದು ಉದ್ಧರಣ ಚಿಹ್ನೆ ಮರೆತರೆ ತೆರೆಯುವುದಿಲ್ಲ. ತೆರೆದ ಕಿಟಕಿಯೂ ನಮ್ಮ ಚಿತ್ರದಡಿ ನಿಲ್ಲದೆ ಲಿಬ್ರೆಆಫೀಸ್‌ನ ಚಿತ್ರದಡಿ ಸೇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮರೆಯ ಫೋಲ್ಡರು, ಆಜ್ಞೆಯ ಸಾಲು ಎಂದೊಡನೆ ಯಲಬುರ್ಗಾದ ಗುಮಾಸ್ತ ಕೈಚೆಲ್ಲುತ್ತಾನೆ. ಅದು ಅವನ ತಪ್ಪಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ರೂಪಿಸಿದ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಹಾಗಾಗಿ ಇದು ಬಲ್ಲವರ ಹವ್ಯಾಸದ ಮಾತಲ್ಲ. ನಾಲ್ಕು ಸಾಲಿನ ಈ ಉಪಾಯವನ್ನು ಬಲ್ಲವರು ಇಂದೇ ಪಕ್ಕದವರಿಗೆ ಮಾಡಿಕೊಡಲಿ. ಡೆಸ್ಕ್‌ಟಾಪ್ ರೂಪಿಸುವವರು ಕಡತದ ಬಲಕ್ಲಿಕ್ ಪಟ್ಟಿಯಲ್ಲಿ ‘ಲಾಂಚರಿಗೆ ಸೇರಿಸು’ ಎಂಬ ಒಂದು ಸಾಲು ಕೊಡಲಿ. ಕಿರ್ದಿಯನ್ನು ಗಲ್ಲೆಯ ಪಕ್ಕ ಇಡಲು ವ್ಯಾಪಾರಿ ಬಡಗಿಯ ಕೆಲಸ ಕಲಿಯಬೇಕಿಲ್ಲವಲ್ಲ.