ಹಾಡಿನ ನೆಲ, ನೆಲದ ಒಡೆಯರು

ಆಸ್ಟ್ರೇಲಿಯಾದ ಮೂಲನಿವಾಸಿಗಳ ಸೃಷ್ಟಿಕಥೆಗಳನ್ನು ಹೊರಜಗತ್ತಿನ ಸಾಮಾನ್ಯ ಓದುಗರ ಬಳಿಗೆ ತಂದ ಕೃತಿಗಳಲ್ಲಿ ಬ್ರಿಟಿಷ್ ಲೇಖಕ ಬ್ರೂಸ್ ಚಾಟ್ವಿನ್ ಅವರ 'ದಿ ಸಾಂಗ್‌ಲೈನ್ಸ್' (1987) ಮುಖ್ಯವಾದುದು. ಮರುಭೂಮಿಯಲ್ಲಿ ರೈಲುಮಾರ್ಗವೊಂದು ಹಾದುಹೋಗಬೇಕಾಗಿದೆ. ಆ ನೆಲದಲ್ಲಿ ಪವಿತ್ರವಾದ ಬಂಡೆ ಯಾವುದು, ಮರ ಯಾವುದು ಎಂದು ಹಿರಿಯರನ್ನು ಕೇಳಿ ಗುರುತಿಸುವ ಕಾರ್ಯದ ಸುತ್ತ ಕಥನ ಬೆಳೆಯುತ್ತದೆ. ಆದಿಯಲ್ಲಿ ಪೂರ್ವಜರು ನಡೆಯುತ್ತಾ ಹಾಡುತ್ತಾ ಲೋಕವನ್ನು ರೂಪಿಸಿದರೆಂಬ ನಂಬಿಕೆಯನ್ನು ಚಾಟ್ವಿನ್ ಸೊಗಸಾಗಿ ನಿರೂಪಿಸಿದ್ದಾರೆ.

ಆದರೆ ಕೃತಿಯು ಮುಂದುವರಿದಂತೆ ಲೇಖಕರ ಟಿಪ್ಪಣಿಗಳ ಕಡೆಗೆ ಹೊರಳುತ್ತದೆ. ಮನುಷ್ಯನು ಸ್ವಭಾವತಃ ಅಲೆಮಾರಿ ಎಂಬ ತಮ್ಮ ಹಳೆಯ ವಾದಕ್ಕೆ ಅವರು ಈ ಹಾಡುಗಳನ್ನು ಪುರಾವೆಯಾಗಿಸುತ್ತಾರೆ. ಕೊರತೆ ಇರುವುದು ಇಲ್ಲಿಯೇ. ಮೂಲನಿವಾಸಿಗಳಿಗೆ ಹಾಡು ಅಲೆದಾಟದ ಗುರುತಲ್ಲ. ನಮ್ಮ ರೈತರಿಗೆ ಪಹಣಿ ಇದ್ದಂತೆ, ಯಾವ ನೆಲದ ಹೊಣೆ ಯಾರದೆಂದು ಹೇಳುವ ಆಧಾರ. ಯಾರು ಹಾಡಬಹುದು, ಯಾರು ಕೇಳಬಹುದು ಎಂಬುದಕ್ಕೂ ಅಲ್ಲಿ ಕಟ್ಟಳೆಗಳಿವೆ. ಗುಟ್ಟು ಕಾಯುವ ಹಿರಿಯರು ಕೃತಿಯಲ್ಲಿ ಬರುತ್ತಾರಾದರೂ, ಅವರ ಮೌನಕ್ಕಿಂತ ಲೇಖಕರ ವಾದಕ್ಕೇ ಹೆಚ್ಚು ಪುಟಗಳು ಸಂದಿವೆ. ಚಾಟ್ವಿನ್ ಇದನ್ನು ಕಾದಂಬರಿಯೆಂದೇ ಕರೆದರು. ಆದರೂ ಅನೇಕರು ಇದನ್ನು ಪ್ರಮಾಣಗ್ರಂಥದಂತೆ ಓದಿದರು.

ಇದು ಸಾಹಿತ್ಯಕ್ಕಷ್ಟೇ ಸೀಮಿತವಾದ ಆಕ್ಷೇಪವಲ್ಲ. ಉಲುರು ಬಂಡೆಯನ್ನು ನೋಡಿರಿ. ಅನಂಗು ಜನರಿಗೆ ಅಲ್ಲಿನ 'ಚುಕುರ್ಪ' ಸೃಷ್ಟಿಕಥೆಯೂ ಹೌದು, ಬಾಳಿನ ಧರ್ಮವೂ ಹೌದು. ಪ್ರವಾಸಿಗರು ಬಂಡೆ ಏರುತ್ತಿದ್ದ ದಾರಿ, ಪೂರ್ವಜರಾದ ಮಾಲ ಜನರು ಆದಿಯಲ್ಲಿ ನಡೆದ ಪವಿತ್ರ ಹಾದಿ. 1985ರ ಅಕ್ಟೋಬರ್ 26ರಂದು ಒಡೆತನ ಅನಂಗು ಜನರಿಗೆ ಮರಳಿತು. ಆದರೆ ಅಂದೇ ಆ ನೆಲವನ್ನು ಅವರು 99 ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೆ ಕೊಡಬೇಕಾಯಿತು. ಹತ್ತಬೇಡಿರೆಂಬ ಅವರ ಬಿನ್ನಹ ನಿಷೇಧದ ರೂಪ ಪಡೆಯಲು 2019ರ ಅಕ್ಟೋಬರ್ 26ರವರೆಗೆ ಕಾಯಬೇಕಾಯಿತು.

ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಗೆ ಆ ಭಾಗ್ಯವೂ ಇರಲಿಲ್ಲ. 46,000 ವರ್ಷಗಳ ಹಿಂದೆಯೇ ಮನುಷ್ಯರು ನೆಲೆಸಿದ್ದ ಅಲ್ಲಿನ ಗುಹೆಗಳನ್ನು ರಿಯೊ ಟಿಂಟೊ ಕಂಪನಿಯು 2020ರ ಮೇ 24ರಂದು ಕಬ್ಬಿಣದ ಅದಿರಿಗಾಗಿ ಸ್ಫೋಟಿಸಿತು. ಅದಕ್ಕೆ ಅಂದಿನ ರಾಜ್ಯ ಕಾನೂನಿನ ಅನುಮತಿಯೂ ಇತ್ತು. ಹಾಡಿನ ಸೊಗಸನ್ನು ಜಗತ್ತು ಮೆಚ್ಚಿ ಮೂರು ದಶಕಗಳೇ ಕಳೆದಿದ್ದವು. ಆ ಮೆಚ್ಚುಗೆಯಿಂದ ಒಂದು ಗುಹೆಯೂ ಉಳಿಯಲಿಲ್ಲ.

1986ರ ನವೆಂಬರ್ 29ರಂದು ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿಗಳನ್ನು ಭೇಟಿಯಾದಾಗ, ಅವರ ಕೊಡುಗೆಯಿಲ್ಲದೆ ಆಸ್ಟ್ರೇಲಿಯಾದ ಧರ್ಮಸಭೆ ಪೂರ್ಣವಾಗದೆಂದರು. ಕೊಡುಗೆಯು ಕೊಡುವವರ ಕೈಯಿಂದಲೇ ಬರಬೇಕು. ನಾವಾಗಿ ಎತ್ತಿಕೊಂಡದ್ದು ಕೊಡುಗೆಯಾಗದು. ಉರಿಯುವ ಪೊದೆಯ ಬಳಿ ಮೋಶೆಯೂ ಮೊದಲು ಪಾದರಕ್ಷೆ ಕಳಚಬೇಕಾಯಿತು. ಚಾಟ್ವಿನ್‌ರ ಕೃತಿಯನ್ನು ಓದಬಯಸುವವರು ಅವಶ್ಯವಾಗಿ ಓದಲಿ. ಓದುವಾಗ, ಅದರಲ್ಲಿ ಹಿರಿಯರು ಬಾಯಿ ಬಿಡದ ಕಡೆಗಳಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಲಿ.