ನೆಣಕ್ಕೆ ಹೆದರುವವರಿಗೆ

ಊಟಕ್ಕೆ ಕೂತು ಹಂದಿ ಮಾಂಸದ ತುಂಡಿನಿಂದ ನೆಣವನ್ನು ಬೆರಳಲ್ಲೇ ಬಿಡಿಸಿ ತಟ್ಟೆಯ ಅಂಚಿಗೆ ಸರಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಬಾಫಾತ್ ಎಂಬ ಈ ಹಂದಿ ಗಸಿ ಭಾರೀ ಲಾಯಕ್ಕಾಗಿದೆ ಅನ್ನುತ್ತಾರೆ, ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ, ಲಾಯಕ್ಕಾಗಿಸಿದ್ದನ್ನು ಮಾತ್ರ ನಾಯಿಗೆ ಎಸೆಯುತ್ತಾರೆ. ಇವರಲ್ಲಿ ಒಬ್ಬರಾದರೂ ದಾರಿಗೆ ಬಂದರೆ ನನಗೆ ಸಾಕು.

ನಮ್ಮ ಬೆಳುವಾಯಿ ಎಂದರೆ ಹೊರಗಿನವರಿಗೆ ಚಿಟ್ಟೆ ಪಾರ್ಕು. ಪಕ್ಕದ ಮೂಡುಬಿದಿರೆಯೋ ಸಾವಿರ ಕಂಬದ ಬಸದಿಯ ಜೈನಕಾಶಿ. ಹಂದಿಯ ಸುದ್ದಿಯನ್ನು ಇಲ್ಲಿ ಸ್ವಲ್ಪ ದನಿ ತಗ್ಗಿಸಿಯೇ ಆಡುವುದು. ಕೊಂಕಣಿಯವರಿಗೆ ಅದು ದುಕ್ರಾ ಮಾಸ್, ತುಳುವರಿಗೆ ಪಂಜಿ. ನನಗೆ ರುಚಿ ಹತ್ತಿದ್ದು ನೆರೆಮನೆಯ ಮದುವೆಯ ಮುನ್ನಾದಿನ, ರೋಸ್‌ನಲ್ಲಿ. ಚಪ್ಪರದಲ್ಲಿ ಮದುಮಗಳಿಗೆ ತೆಂಗಿನಹಾಲು ಎರೆಯುವ ಗದ್ದಲ ನಡೆದಿತ್ತು, ನಾನು ಹಿತ್ತಲಿನ ಒಲೆಯ ಬುಡದಲ್ಲಿದ್ದೆ. ಒಲೆ ನೋಡಿಕೊಳ್ಳುತ್ತಿದ್ದ ಬಾಯಮ್ಮ ಬಾಳೆಲೆ ಚೂರಿನಲ್ಲಿ ಒಂದು ತುಂಡು ಕೊಟ್ಟರು. ನೆಣ ನೋಡಿ ಮುಖ ಸಿಂಡರಿಸಿದ್ದಕ್ಕೆ, "ಅದು ಬಿಟ್ಟರೆ ಪಂಜಿಯಲ್ಲಿ ಉಳಿಯುವುದು ಎಂತ ಮಾರಾಯ?" ಎಂದು ಗದರಿದರು. ಬಾಯಿಗೆ ಹಾಕಿಕೊಂಡೆ. ಜಗಿಯುವ ಕೆಲಸವೇ ಇರಲಿಲ್ಲ.

ತುಂಡೆಂದರೆ ತೊಗಲು, ನೆಣ, ಮಾಂಸ ಮೂರೂ ಒಟ್ಟಿಗಿರಬೇಕು. ಬಾಫಾತಿಗೆ ಎಣ್ಣೆ ಹಾಕುವುದಿಲ್ಲ, ತೆಂಗಿನಕಾಯಿಯೂ ಇಲ್ಲ. ನೀರುಳ್ಳಿ, ಶುಂಠಿ, ಹಸಿಮೆಣಸು, ಬಾಫಾತ್ ಪುಡಿ, ವಿನೆಗರ್ ಎಲ್ಲವನ್ನೂ ಹಸಿ ಮಾಂಸದೊಂದಿಗೆ ಕಲಸಿ ಸಣ್ಣ ಉರಿಯಲ್ಲಿಟ್ಟರೆ ನೆಣ ತಾನಾಗಿ ಕರಗಿ ಎಣ್ಣೆಯ ಕೆಲಸ ಮಾಡುತ್ತದೆ. ಮೆಣಸಿನ ಕೆಂಪು, ಮಸಾಲೆಯ ಘಮ ಬಿಟ್ಟುಕೊಳ್ಳುವುದು ಹೆಚ್ಚಾಗಿ ಕೊಬ್ಬಿನಲ್ಲಿ, ನೀರಿನಲ್ಲಲ್ಲ. ನೆಣ ತೆಗೆಸಿದವರು ಮಸಾಲೆಯನ್ನೂ ತೆಗೆಸಿದಂತೆ. ತೊಗಲು ನಿಧಾನಕ್ಕೆ ಬೆಂದು ಗಸಿಗೆ ಅಂಟು ಕೊಡುತ್ತದೆ, ತಿಂದ ಮೇಲೆ ತುಟಿ ತುಟಿಗೆ ಅಂಟಬೇಕು. ಜಿಡ್ಡು ಮುಖಕ್ಕೆ ಹೊಡೆಯದಂತೆ ನೋಡಿಕೊಳ್ಳುವುದಕ್ಕೆ ಹುಳಿ ಇದೆ. ಕುಕ್ಕರಿನಲ್ಲಿ ಸೀಟಿ ಹೊಡೆಸಿದರೆ ಮಾಂಸ ನಾರಾಗಿ ನೆಣ ಬೇರೆಯೇ ತೇಲುತ್ತದೆ. ಆಮೇಲೆ ಹಂದಿಯನ್ನು ಬೈದು ಪ್ರಯೋಜನವಿಲ್ಲ.

ನೆಣದ ಮರ್ಮ ಬಲ್ಲ ಇನ್ನೊಂದು ಜನ ಚೀನಾದ ಯಾಂಗ್‌ಝೌ ಊರಿನವರು. ಚೀನಾದ ಅಡುಗೆಯೆಂದರೆ ನಮ್ಮ ಪೇಟೆಗೆ ಗೋಬಿ ಮಂಚೂರಿ, 2024ರ ಮಾರ್ಚ್‌ನಲ್ಲಿ ಸರಕಾರ ಅದರ ಕೃತಕ ಬಣ್ಣ ನಿಷೇಧಿಸಿದಾಗ ಮನೆಯಲ್ಲಿ ಸಾವಾದಂತೆ ಕೊರಗಿದ ರಸಿಕರು ನಮ್ಮವರು. ಯಾಂಗ್‌ಝೌನವರ ಸಿಂಹತಲೆ ಹಂದಿ ಮಾಂಸದ ದೊಡ್ಡ ಉಂಡೆ. ಹೊಟ್ಟೆಭಾಗದ ಮಾಂಸ, ಅದರಲ್ಲಿ ನೆಣ ಧಾರಾಳ. ಕೈಮಾ ಯಂತ್ರಕ್ಕೆ ಕೊಡದೆ ಕತ್ತಿಯಲ್ಲೇ ದಾಳಿಂಬೆ ಕಾಳಿನಷ್ಟು ಸಣ್ಣಗೆ ಹೆಚ್ಚುತ್ತಾರೆ. ಒಂದೇ ದಿಕ್ಕಿಗೆ ತಿರುವಿ ಅಂಟು ಬರಿಸಿ, ಉಂಡೆ ಕಟ್ಟಿ, ಮಣ್ಣಿನ ಪಾತ್ರೆಯಲ್ಲಿ ಚೀನಾ ಕೋಸಿನ ಎಲೆ ಹೊದಿಸಿ ಗಂಟೆಗಟ್ಟಲೆ ಸಣ್ಣಗೆ ಕುದಿಸುತ್ತಾರೆ. ಅಲ್ಲಲ್ಲಿ ನೆಣ ಕರಗಿ ಉಂಡೆ ಹಗುರವಾಗುತ್ತದೆ, ಇಳಿದ ರಸವನ್ನು ಸೊಪ್ಪು ಹೀರುತ್ತದೆ. ನಾನು ಹಿತ್ತಲಿನ ಹರಿವೆ ಹಾಕಿ ಮಾಡಿದ್ದುಂಟು. ಸಾರು ಕೆಂಪಾಯಿತು, ರುಚಿಗೇನೂ ಮೋಸವಿಲ್ಲ. ಉಂಡೆಗಿಂತ ಮೊದಲು ಖಾಲಿಯಾದದ್ದು ಸೊಪ್ಪು. ಯಾವುದನ್ನೇ ಮಾಡಿ, ಮಾಂಸ ಕಡಿದು ಕೊಡುವವನಿಗೆ "ನೆಣ ಜಾಸ್ತಿ ಇರಲಿ" ಎಂದರೆ ಅವನು ಎರಡು ಸಲ ಕೇಳುತ್ತಾನೆ, ಗಟ್ಟಿಯಾಗಿ ಹೇಳಿ.

ಬಾಫಾತ್ ಪುಡಿಯ ಬಗ್ಗೆ ಮನೆಗೊಂದು ವಾದವಿದೆ, ನಾನು ಬಾಯಿ ಹಾಕುವುದಿಲ್ಲ.

ಬಾಫಾತನ್ನು ಮಾಡಿದ ದಿನವೇ ತಿನ್ನಬೇಡಿ. ಮರುದಿನ ಮೇಲೆ ಕಟ್ಟಿದ ಕೆಂಪು ನೆಣವನ್ನು ಕೆರೆದು ತೆಗೆಯದೆ ಹಾಗೆಯೇ ಬಿಸಿ ಮಾಡಿ. ಜೊತೆಗೆ ಕಳ್ಳು ಹಾಕಿ ಉಬ್ಬಿಸಿದ ಸಾನ್ನಾ ಬೇಕು. ಯಾಂಗ್‌ಝೌನಲ್ಲಿ ಸೊಪ್ಪು ಮಾಡುವ ಕೆಲಸವನ್ನು ಇಲ್ಲಿ ಅದರ ಮೈತುಂಬ ಇರುವ ತೂತುಗಳು ಮಾಡುತ್ತವೆ. ಸಿಗದಿದ್ದರೆ ಪುಂಡಿ, ಅದೂ ಇಲ್ಲದಿದ್ದರೆ ಕುಚ್ಚಲಕ್ಕಿ ಅನ್ನ. ನೀರುದೋಸೆ ಕೋಳಿ ಸಾರಿಗೆ ಇರಲಿ.